ಮಠಪತ್ರಿಕೆಯಿಂದ ಕರಿಹಲಗೆಗೆ: ಮಧುಗಿರಿ ಸೀಮೆಯ ಶಾಲೆಗಳಲ್ಲಿ ಸುದ್ದಿ

ಕನ್ನಡ ಪತ್ರಿಕೆ ಹುಟ್ಟಿದ್ದು ಮೇಷ್ಟರ ಕೈಯಲ್ಲಿ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಪಾಠ ಹೇಳುವುದೂ ಅವರ ಕೆಲಸವಾಗಿತ್ತು. ಊರಿನ ವರ್ತಮಾನ, ಸರ್ಕಾರದ ಕಾನೂನು, ಪರದೇಶದ ಸುದ್ದಿ, ದಾಸರ ಪದ ಎಲ್ಲ ಒಂದೇ ಹಾಳೆಯಲ್ಲಿ ಸೇರಿದ್ದ ಅದು ಅರ್ಧ ಪಠ್ಯಪುಸ್ತಕವೇ.

1865ರ ಸಾಕ್ಷ್ಯ ಇನ್ನೂ ನೇರ. ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ, ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ ಶುರುವಾದ ಶಿಕ್ಷಣ ಪತ್ರಿಕೆಗೆ 'ಮಠಪತ್ರಿಕೆ' ಎಂದು ಹೆಸರು. ಮಠವೆಂದರೆ ಇಲ್ಲಿ ಐಗಳ ಮಠ, ಊರ ಶಾಲೆ. ನಮ್ಮ ಮೈಸೂರು ಕಡೆ ಕೂಲಿಮಠ ಎನ್ನುತ್ತಿದ್ದರಲ್ಲ, ಅದೇ. ಮುಂದೆ 'ಶಾಲಾಪತ್ರಿಕೆ'ಯಾಗಿ, ಈಗ 'ಜೀವನ ಶಿಕ್ಷಣ'ವಾಗಿ ಅದು ಧಾರವಾಡದಿಂದ ಬರುತ್ತಿದೆ. ಆದರೆ ಅದನ್ನು ಓದುವವರು ಮೇಷ್ಟರು. ಮಗುವಿಗೆ ದಕ್ಕುವುದು ಅವರು ಸೋಸಿ ಕೊಟ್ಟಷ್ಟು. ಈ ಸೋಸುವಿಕೆಯೇ ನಮ್ಮ ತರಗತಿಯ ಸುದ್ದಿಯ ಚರಿತ್ರೆ ಎಂಬುದು ನನ್ನ ವಾದ.

ಮೈಸೂರು ಸಂಸ್ಥಾನದಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ ಇಂದಿಗೂ ಹೋಬಳಿಯೇ. ಕಂದಾಯದ ಲೆಕ್ಕದ ಈ ಘಟಕ ಅಕ್ಷರದ ಘಟಕವೂ ಆದದ್ದು ಆಗ. ಮೇಷ್ಟರೇ ಸಂಪಾದಕರಾದ ದೊಡ್ಡ ನಿದರ್ಶನವೂ ಈ ಸಂಸ್ಥಾನದ್ದೇ: ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯ, 'ವೃತ್ತಾಂತ ಚಿಂತಾಮಣಿ'ಯ ಎಂ. ವೆಂಕಟಕೃಷ್ಣಯ್ಯ, ಜನರ ಬಾಯಲ್ಲಿ ತಾತಯ್ಯ. ದಿವಾನ್ ವಿ.ಪಿ. ಮಾಧವರಾಯರ ಕಾಲದ 1908ರ ಪತ್ರಿಕಾ ಕಾಯಿದೆಯ ಬಿಗಿಗೆ ಅವರ ಪತ್ರಿಕೆಗಳೂ ನಿಂತವು. ಸಂಪಾದಕರಿಗೇ ಈ ಗತಿಯಾದಾಗ ಹೋಬಳಿಯ ಮೇಷ್ಟರು ತರಗತಿಯಲ್ಲಿ ಸುದ್ದಿ ಎತ್ತಲು ಹಿಂದೆಮುಂದೆ ನೋಡಿದ್ದರೆ ಆಶ್ಚರ್ಯವೇನು?

ಇಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಹಳ್ಳಿ ಶಾಲೆಗೆ ಬರುವುದು ಸಾಮಾನ್ಯವಾಗಿ ದಿನಪತ್ರಿಕೆಯ ಒಂದೇ ಪ್ರತಿ, ಬೆಳಗಿನ ಬಸ್ಸಿನಲ್ಲಿ. ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗಿ ಮುಂದೆ ಬಂದು, ಮೇಷ್ಟರು ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ನಾಲ್ಕು ತಲೆಬರಹ ಓದುತ್ತಾಳೆ. ಕರಿಹಲಗೆಯ ಮೂಲೆಯಲ್ಲಿ ಸುಭಾಷಿತ, ಕೆಳಗೆ 'ಇಂದಿನ ವಾರ್ತೆ'. ಮಧ್ಯಾಹ್ನ ಕತ್ತರಿಸಿದ ತುಣುಕು ಮೈದಾ ಅಂಟಿನಲ್ಲಿ ಗೋಡೆಪತ್ರಿಕೆಗೆ. ಗೆರೆ ಬೀಳದೆ ಉಳಿಯುವುದು ಬಹುಪಾಲು ಜಿಲ್ಲೆಯ ಪುಟ: ಮಳೆ, ಶೇಂಗಾ ದರ, ಕರಡಿ ಹಾವಳಿ. ನನಗೆ ಕಸಿವಿಸಿ ಇಲ್ಲೇ.

ಪಾವಗಡದ ಮಾತು ಬೇರೆ. ಸುತ್ತ ಬಹುಪಾಲು ಆಂಧ್ರ, ಎಷ್ಟೋ ಮನೆಗಳಲ್ಲಿ ತೆಲುಗು. ಅಲ್ಲಿನ ಮಗುವಿಗೆ ಕನ್ನಡ ಪತ್ರಿಕೆ ಸುದ್ದಿಗಿಂತ ಮೊದಲು ಭಾಷೆಯ ಪಾಠ. ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಾಗ ಭೂಮಿ ಗುತ್ತಿಗೆ, ಬಾಡಿಗೆ, ಮೆಗಾವಾಟ್ ಎಂಬ ಪದಗಳು ಊರಿಗೆ ನಡೆದು ಬಂದವು. ಅಪ್ಪ ಸಹಿ ಹಾಕಿದ ಕಾಗದವೇ ಗಣಿತದ ಲೆಕ್ಕವಾಗಬಹುದಿತ್ತು. ಜ್ಞಾನವನ್ನು ಶಾಲೆಯಾಚೆಯ ಬದುಕಿಗೆ ಬೆಸೆಯಿರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇದನ್ನೇ.

ಪತ್ರಿಕೆಯತ್ತ ಮಗು ತಾನೇ ಬರೆಯುವುದು ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆಯಲ್ಲಿ. ಶಾಲಾ ವಾರ್ಷಿಕೋತ್ಸವದ ವರದಿ ಪ್ರಕಟಿಸಲು ಕೋರಿ ಸಂಪಾದಕರಿಗೆ ಪತ್ರ: ಇಂದ, ಗೆ, ಮಾನ್ಯರೇ, ವಿಷಯ, ಸಹಿ. ವಿಳಾಸ ತಪ್ಪಿದರೆ ಅಂಕ ಹೋಗುತ್ತದೆ. ಅಂಚೆಚೀಟಿ ಹಚ್ಚುವುದು ಮಾತ್ರ ಪಾಠದಲ್ಲಿಲ್ಲ.