ಶಾಸ್ತ್ರದಾನವೂ ಸಂಶೋಧನ ಪತ್ರಿಕೆಗಳ ಪ್ರಕಟನೆಯೂ

ಬೀದರ ಜಿಲ್ಲೆಯ ನಿರ್ಣಾ ಗ್ರಾಮವು ಹುಮನಾಬಾದ ಮತ್ತು ಬಸವಕಲ್ಯಾಣಗಳ ಪರಿಸರಕ್ಕೆ ಸೇರಿದುದು. ಅದರ ಪಶ್ಚಿಮಕ್ಕೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವಿದೆ. ದಕ್ಷಿಣಕ್ಕೆ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡವಿದೆ. ಜೈನ ವಾಙ್ಮಯದ ಇತಿಹಾಸದಲ್ಲಿ ಇಷ್ಟು ಸಂಪನ್ನವಾದ ನೆಲ ವಿರಳ. ಆದರೆ ಈ ನೆಲದ ಬಸದಿ, ಶಾಸನ, ಗ್ರಂಥಗಳನ್ನು ಕುರಿತು ವಿದ್ವಾಂಸರು ಬರೆದುದನ್ನು ಓದಬೇಕೆಂಬ ಗ್ರಾಮದ ಜಿಜ್ಞಾಸುವಿಗೆ ಆ ಬರಹಗಳು ಸುಲಭವಾಗಿ ದೊರೆಯವು. ಲೇಖನವು ದೊಡ್ಡ ಪ್ರಕಾಶಕರ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಸಾಮಾನ್ಯವಾಗಿ ಒಂದೊಂದು ಲೇಖನಕ್ಕೂ ಹಣ ತೆರಬೇಕು. ಸಣ್ಣ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ, ಪ್ರತಿಗಳು ತೀರಿದ ಮೇಲೆ ಅದರ ದರ್ಶನವೇ ದುರ್ಲಭ. ಗ್ರಂಥದ ವೆಚ್ಚವನ್ನು ಭರಿಸತಕ್ಕವರು ಯಾರು, ಭರಿಸಿದವರಿಗೆ ಪಾಠದ ಮೇಲೆ ಹಕ್ಕು ಎಷ್ಟು ಎಂಬ ಎರಡು ಪ್ರಶ್ನೆಗಳು ಇಲ್ಲಿ ಕೂಡಿಕೊಂಡಿವೆ. ಜೈನ ಸಮಾಜವು ಇವೆರಡನ್ನೂ ಸಾವಿರ ವರ್ಷಗಳ ಹಿಂದೆಯೇ ಎದುರಿಸಿದೆ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವು ಕೇವಲ ಪುಣ್ಯಕಾರ್ಯವಾಗಿರಲಿಲ್ಲ. ಅದೊಂದು ಪ್ರಕಟನ ವ್ಯವಸ್ಥೆಯೂ ಆಗಿದ್ದಿತು. ಓಲೆಯನ್ನು ಹದಗೊಳಿಸುವುದು, ಲಿಪಿಕಾರನ ತಿಂಗಳುಗಳ ಶ್ರಮ, ಮಸಿ, ದಾರ, ಹಲಗೆ ಇವೆಲ್ಲಕ್ಕೂ ಹಣ ಬೇಕು. ಆ ಹಣವನ್ನು ದಾನಿಯು ಕೊಡುತ್ತಿದ್ದನು. ಪ್ರತಿಯು ಮುನಿಗೋ ಬಸದಿಗೋ ಉಚಿತವಾಗಿ ಸಲ್ಲುತ್ತಿದ್ದಿತು. ತೈಲಪನ ಕಾಲದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸುಪ್ರಸಿದ್ಧ. ಕ್ರಿ.ಶ. ೯೯೩ರಲ್ಲಿ ರನ್ನನು ಅಜಿತಪುರಾಣವನ್ನು ರಚಿಸಿದುದೂ ಆಕೆಯ ಆಶ್ರಯದಲ್ಲಿಯೇ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ದಾನಿಗೆ ಕೀರ್ತಿ ಉಳಿಯಿತು, ಕವಿಗೆ ಕಾವ್ಯದ ಹೆಸರು ಉಳಿಯಿತು; ಆದರೆ ಮುಂದೆ ಬೇರೊಬ್ಬನು ಅದನ್ನೇ ನಕಲು ಮಾಡಿದರೆ ತಡೆಯುವ ಅಧಿಕಾರ ಯಾರಿಗೂ ಉಳಿಯಲಿಲ್ಲ. ನಕಲು ಹೆಚ್ಚಿದಷ್ಟೂ ದಾನದ ಫಲ ಹೆಚ್ಚಿತೆಂದೇ ಭಾವನೆ.

ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ, ಜಿನಸೇನಾಚಾರ್ಯರು ಕ್ರಿ.ಶ. ೮೩೭ರಲ್ಲಿ, ಅಮೋಘವರ್ಷನು ಆಳುತ್ತಿದ್ದಾಗ, ಪೂರ್ಣಗೊಳಿಸಿದ ಜಯಧವಲಾ, ಇವುಗಳೊಡನೆ ಮಹಾಬಂಧ — ಈ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು ಮೂಡಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದುವು. ಶತಮಾನಗಳವರೆಗೆ ಅವು ದರ್ಶನಕ್ಕೆ ಸಂದುವೇ ಹೊರತು ಅಧ್ಯಯನಕ್ಕಲ್ಲ. ಅವುಗಳನ್ನು ಕಾಪಾಡಿದ ಶ್ರದ್ಧೆಯು ವಂದನೀಯ. ಆ ಶ್ರದ್ಧೆಯಿಲ್ಲದಿದ್ದರೆ ಇಂದು ಓದಲು ಏನೂ ಇರುತ್ತಿರಲಿಲ್ಲ. ಆದರೆ ಅದೇ ಶ್ರದ್ಧೆಯು ಓದುಗನನ್ನು ಹೊರಗೆ ನಿಲ್ಲಿಸಿತೆಂಬುದೂ ಸತ್ಯ.

೧೯ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಶ್ರೇಷ್ಠಿ ಮಾಣಿಕಚಂದರು, ಸೊಲ್ಲಾಪುರದ ಹಿರಾಚಂದ ನೇಮಚಂದರು ಮುಂತಾದವರ ಪ್ರಯತ್ನದಿಂದ ಪ್ರತಿ ತೆಗೆಯುವ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜದ ಗಜಪತಿ ಶಾಸ್ತ್ರಿಗಳೂ ಬರೆಯಲು ನಿಯುಕ್ತರಾದರು. ಪ್ರತಿಯು ಹೊರಗೆ ಹೋಗಬಾರದೆಂಬ ನಿರ್ಬಂಧವಿದ್ದರೂ ಗಜಪತಿ ಶಾಸ್ತ್ರಿಗಳು ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರಕ್ಕೆ ಹೋಯಿತು. ಅಲ್ಲಿ ನಾಗರಿಗೆ ಇಳಿಸುವಾಗ ಮತ್ತೊಂದು ಗುಪ್ತ ಪ್ರತಿ ಹುಟ್ಟಿತು. ಅದರಿಂದ ಅಮರಾವತಿ, ಕಾರಂಜಾ, ಆರಾ ಮೊದಲಾದೆಡೆಗಳಿಗೆ ಪ್ರತಿಗಳು ಹರಡಿದುವು. ಈ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಧವಲಾಟೀಕೆಯ ಮೊದಲ ಸಂಪುಟ ಅಮರಾವತಿಯಿಂದ ಪ್ರಕಟವಾಯಿತು. ಅನಂತರ ಮೂಡಬಿದಿರೆಯವರು ಉದಾರಮನಸ್ಸಿನಿಂದ ಮೂಲ ಓಲೆಗಳೊಡನೆ ಪಾಠ ಹೋಲಿಸಲು ಸಮ್ಮತಿಸಿದರು. ೧೬ ಸಂಪುಟಗಳ ಆ ಕಾರ್ಯ ೧೯೫೮ರ ವೇಳೆಗೆ ಪೂರ್ಣವಾಯಿತು.

ಈ ವೃತ್ತಾಂತವನ್ನು ಸಾಮಾನ್ಯವಾಗಿ ಸಾಹಸದ ಕಥೆಯಂತೆ ಹೇಳುವುದು ವಾಡಿಕೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ಅದರ ಪಾಠ ಬೇರೆಯೇ ಆಗಿದೆ. ಬಾಗಿಲು ಮುಚ್ಚಿದುದರಿಂದ ನಕಲು ನಿಲ್ಲಲಿಲ್ಲ. ಶುದ್ಧವಾದ ನಕಲು ಮಾತ್ರ ನಿಂತಿತು. ಅವಸರದಲ್ಲಿ ಬರೆದ ಪ್ರತಿಯಿಂದ ಪ್ರತಿ, ಲಿಪಿಯಿಂದ ಲಿಪಿಗೆ ಇಳಿದಂತೆ ಸ್ಖಾಲಿತ್ಯಗಳು ಸೇರಿದುವು. ಮೂಲದೊಡನೆ ಹೋಲಿಸಿದಾಗಲೇ ಅವು ತಿದ್ದುಪಡಿಯಾದುವು. ಇಂದು ಶುಲ್ಕದ ಹಿಂದೆ ಮುಚ್ಚಿಟ್ಟ ಲೇಖನಗಳು ಅನಧಿಕೃತ ಮಾರ್ಗಗಳಿಂದ ಹರಿದಾಡುತ್ತಿರುವುದಕ್ಕೂ ಕಾರಣ ಇಂತಹುದೇ. ಇವನ್ನು ಹಂಚುವ ಸೈ-ಹಬ್ ಜಾಲತಾಣದ ವಿರುದ್ಧ ೨೦೨೦ರಲ್ಲಿ ದೊಡ್ಡ ಪ್ರಕಾಶಕರು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಮಾರ್ಗವು ನ್ಯಾಯವೆಂದು ಇದರಿಂದ ಸಿದ್ಧಿಸದು. ಆದರೆ ಅಧಿಕೃತ ಬಾಗಿಲು ತೆರೆದಿದ್ದರೆ ಹಿತ್ತಲ ದಾರಿಯ ಅಗತ್ಯ ಬೀಳುವುದಿಲ್ಲ.

ಹುಮನಾಬಾದದ ಮೂಲಕ ಹಾಯುವ ಹೆದ್ದಾರಿಯ ಪಶ್ಚಿಮ ದಿಕ್ಕಿನ ಸೊಲ್ಲಾಪುರದಲ್ಲಿ ದಾನದ ಆ ಹಳೆಯ ಪದ್ಧತಿಯು ಮುದ್ರಣಯುಗಕ್ಕೆ ಹೊಂದಿಕೊಂಡಿತು. ೧೯೪೧ರಲ್ಲಿ ಗಜಪಂಥ ಕ್ಷೇತ್ರದಲ್ಲಿ ವಿದ್ವಾಂಸರನ್ನು ಸೇರಿಸಿದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ಜೈನ ಸಂಸ್ಕೃತಿ ಸಂರಕ್ಷಕ ಸಂಘಕ್ಕೆ ೩೦,೦೦೦ ರೂಪಾಯಿಗಳನ್ನು ಕೊಟ್ಟರು. ೧೯೪೪ರಲ್ಲಿ ಸುಮಾರು ೨ ಲಕ್ಷ ರೂಪಾಯಿ ಬೆಲೆಯ ತಮ್ಮ ಸಮಸ್ತ ಸಂಪತ್ತನ್ನೂ ಒಪ್ಪಿಸಿದರು. ಅವರ ಹೆಸರಿನ ಗ್ರಂಥಮಾಲೆಯ ಮೊದಲ ಪುಷ್ಪ ತಿಲೋಯಪಣ್ಣತ್ತಿ, ಎ. ಎನ್. ಉಪಾಧ್ಯೆ ಮತ್ತು ಹೀರಾಲಾಲ ಜೈನರ ಸಂಪಾದನೆಯಲ್ಲಿ ಹೊರಬಂದಿತು. ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನೂ ಕೆಲವು ಜೈನ ಶಾಸನಗಳನ್ನೂ ಕುರಿತು ಬರೆದ ಆಂಗ್ಲ ಗ್ರಂಥ ೧೯೫೭ರಲ್ಲಿ ಪ್ರಕಟವಾದುದೂ ಈ ಮಾಲೆಯಲ್ಲಿಯೇ. ಮಾರಾಟವನ್ನೇ ನೆಚ್ಚಿ ಇಂತಹ ಗ್ರಂಥಗಳನ್ನು ಅಚ್ಚು ಹಾಕುವುದು ಕಷ್ಟಸಾಧ್ಯ.

ಓಲೆಯ ಕಾಲದಲ್ಲಿ ಹತ್ತನೆಯ ಪ್ರತಿಗೂ ಮೊದಲ ಪ್ರತಿಯಷ್ಟೇ ಶ್ರಮ. ಮುದ್ರಣದಲ್ಲಿ ಮೊದಲ ಪ್ರತಿ ದುಬಾರಿ, ಉಳಿದವು ಅಗ್ಗ. ಗಣಕಯಂತ್ರದ ಈ ಕಾಲದಲ್ಲಿ ಮೊದಲ ಪ್ರತಿಯ ನಂತರದ ವೆಚ್ಚ ನಗಣ್ಯ. ಆದರೆ ಪಾಠಪರಿಷ್ಕರಣ, ವಿದ್ವತ್ಪರೀಕ್ಷೆ, ಅಕ್ಷರಸಂಯೋಜನೆ, ದೀರ್ಘಕಾಲದ ಸಂರಕ್ಷಣೆ ಇವುಗಳ ವೆಚ್ಚ ಉಳಿದೇ ಇದೆ. ಆದುದರಿಂದ ಎಲ್ಲವೂ ಉಚಿತವಾಗಲಿ ಎನ್ನುವುದು ಅರ್ಧಸತ್ಯ. ಆ ವೆಚ್ಚವನ್ನು ಓದುಗನಿಂದ ಪಡೆಯುವುದು ಚಂದಾಕ್ರಮ. ಲೇಖಕನಿಂದ ಪಡೆಯುವುದು ಇತ್ತೀಚಿನ ಲೇಖನಶುಲ್ಕದ ಕ್ರಮ. ಮೊದಲನೆಯದು ಬಡ ಓದುಗನನ್ನೂ ಎರಡನೆಯದು ಬಡ ವಿದ್ವಾಂಸನನ್ನೂ ಹೊರಗಿಡುತ್ತದೆ. ಒಮ್ಮೆ ಕೊಟ್ಟು ಎಲ್ಲರಿಗೂ ತೆರೆಯುವ ಶಾಸ್ತ್ರದಾನದ ಕ್ರಮವು ಈ ಹೊಸ ಸಾಧನಕ್ಕೆ ಓಲೆಗಿಂತಲೂ ಹೆಚ್ಚು ಒಪ್ಪುತ್ತದೆ.

ಕೇಂದ್ರ ಸರ್ಕಾರವು ೨೦೨೪ರ ನವೆಂಬರಿನಲ್ಲಿ ಮಂಜೂರು ಮಾಡಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿ, ೩೦ ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳಿಗೆ ತೆರೆಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಯಾವ ಸಂಸ್ಥೆಗೂ ಸೇರದ ಪಂಡಿತನು, ಗ್ರಾಮದ ಶಾಲಾಶಿಕ್ಷಕನು ಈ ಪರಿಧಿಯಲ್ಲಿಲ್ಲ.

ಹಕ್ಕಿನ ವಿಷಯದಲ್ಲಿಯೂ ಸ್ಪಷ್ಟತೆ ಅಗತ್ಯ. ಓಲೆಯ ಒಡೆತನ ಬೇರೆ, ಪಾಠದ ಒಡೆತನ ಬೇರೆ. ವೀರಸೇನರ ಮೂಲಕ್ಕೆ ಯಾರ ಸ್ವಾಮ್ಯವೂ ಇಲ್ಲ. ಆದರೆ ಆಧುನಿಕ ಸಂಪಾದಕನ ಪೀಠಿಕೆ, ಅನುವಾದ, ಟಿಪ್ಪಣಿಗಳಿಗೆ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯಿದೆ. ೧೯೯೨ರ ತಿದ್ದುಪಡಿಯ ಮೇರೆಗೆ ಆ ಅವಧಿಯು ಲೇಖಕನ ಮರಣಾನಂತರ ೬೦ ವರ್ಷ. ೧೯೭೫ರಲ್ಲಿ ದಿವಂಗತರಾದ ಉಪಾಧ್ಯೆಯವರ ಬರಹಗಳಿಗೆ ಅದು ೨೦೩೫ರ ಅಂತ್ಯದವರೆಗೆ ಸಲ್ಲುತ್ತದೆ. ಹಕ್ಕಿನ ವರ್ಗಾವಣೆಯು ಲಿಖಿತವಾಗಿರಬೇಕೆಂದೂ, ಅವಧಿಯನ್ನು ಕಾಣಿಸದಿದ್ದರೆ ಅದು ಐದು ವರ್ಷಗಳಿಗಷ್ಟೇ ಎಂದೂ ಅದೇ ಕಾಯಿದೆಯ ೧೯ನೆಯ ಪ್ರಕರಣ ವಿಧಿಸುತ್ತದೆ. ಸಹಿ ಹಾಕುವ ಮುನ್ನ ಇದನ್ನು ಅರಿತಿರುವ ವಿದ್ವಾಂಸರು ವಿರಳ.

ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಎಣಿಸುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳು ಸೇರಿವೆ: ತಿಳಿದುದನ್ನು ಮರೆಮಾಚುವುದು, ಕೊಡಲು ಒಲ್ಲದಿರುವುದು, ಪಡೆಯುವವನಿಗೆ ಅಡ್ಡಿಯಾಗುವುದು. ಜೈನ ಸಂಸ್ಥೆಗಳ ಪತ್ರಿಕೆಗಳು ಈ ವಿವೇಕವನ್ನು ಮೊದಲು ತಮಗೇ ಅನ್ವಯಿಸಿಕೊಳ್ಳಬೇಕಾಗಿದೆ. ಪ್ರಕಟನೆಯ ಅನುಮತಿಯನ್ನಷ್ಟೇ ಪಡೆದು ಕೃತಿಸ್ವಾಮ್ಯವನ್ನು ಲೇಖಕನಲ್ಲಿಯೇ ಬಿಡುವುದು, ಹಳೆಯ ಸಂಪುಟಗಳನ್ನು ಹಕ್ಕುದಾರರ ಸಮ್ಮತಿ ಪಡೆದು ಅಂತರ್ಜಾಲದಲ್ಲಿ ತೆರೆದಿಡುವುದು, ಒಂದೊಂದು ಸಂಚಿಕೆಯ ವೆಚ್ಚಕ್ಕೆ ಒಬ್ಬೊಬ್ಬ ದಾನಿಯನ್ನು ಅರಸಿ ಅವನ ಹೆಸರನ್ನು ಮೊದಲ ಪುಟದಲ್ಲಿ ಅಚ್ಚಿಡುವುದು ಇವಾವುವೂ ಅಸಾಧ್ಯವಲ್ಲ. ಮಾನ್ಯಖೇಟದ ಕವಿಯ ಕಾವ್ಯವನ್ನು ಸಾವಿರ ಕಡೆ ತಲುಪಿಸಲು ಹಿಂದೆ ಒಬ್ಬ ಸ್ತ್ರೀಗೆ ಸಾಧ್ಯವಾಯಿತು. ಆ ಕಾವ್ಯವನ್ನು ಕುರಿತ ಹತ್ತು ಪುಟಗಳ ಲೇಖನವು ಮಳಖೇಡದ ಸಮೀಪದ ನಿರ್ಣಾಕ್ಕೆ ಇಂದು ತಲುಪದಿದ್ದರೆ, ಕೊರತೆ ಸಾಧನದ್ದಲ್ಲ, ಸಂಕಲ್ಪದ್ದು.