ನನ್ನ ಅಳತೆ ತಗೊಂಡ್ರಾ?

ನಮ್ಮ ಮನೆಗೆ ಮೊದಲ ಫ್ರಿಜ್ ಬರುವ ಮುಂಚೆ ನಮ್ಮವರು ಟೇಪು ಹಿಡಿದು ಅಡುಗೆಮನೆಯ ಮೂಲೆಯನ್ನು ಎರಡೆರಡು ಸಲ ಅಳೆದಿದ್ದರು. ಫ್ರಿಜ್ ಬಂತು, ಮೂಲೆಯಲ್ಲಿ ಅಚ್ಚುಕಟ್ಟಾಗಿ ಕೂತಿತು. ಬಾಗಿಲು ತೆಗೆದಾಗಲೇ ಗೊತ್ತಾದದ್ದು, ಅದರ ಮುಂದೆ ನಿಲ್ಲಬೇಕಾದರೆ ನಾನು ಒಲೆಕಟ್ಟೆಗೆ ಬೆನ್ನು ಒತ್ತಿಕೊಳ್ಳಬೇಕೆಂದು!

"ಅಳತೆ ತಗೊಂಡೇ ತಂದದ್ದಲ್ವೇನೇ?" ಎಂದರು.

"ಫ್ರಿಜ್ಜಿನ ಅಳತೆ ತಗೊಂಡ್ರಿ, ನನ್ನ ಅಳತೆ ತಗೊಂಡ್ರಾ?" ಎಂದೆ. ಅತ್ತೆಯವರು ನಕ್ಕುಬಿಟ್ಟರು.

ಮೊದಲ ಕಾಲದ ಕಂಪ್ಯೂಟರ್ ಕೋಣೆಗಳ ಕಥೆ ಓದುವಾಗ ನನಗೆ ಈ ಮಾತು ನೆನಪಾಯಿತು. ಇಂದು ತೊಡೆಯ ಮೇಲೆ ಕೂರುವ ಕಂಪ್ಯೂಟರಿನ ಹಿರಿಯಜ್ಜಿ ಎನಿಯಾಕ್. ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಸ್ಕೂಲಿನಲ್ಲಿ ಅದನ್ನು ಕಟ್ಟಿದರು. 1946ರ ಫೆಬ್ರವರಿಯಲ್ಲಿ ಲೋಕಕ್ಕೆ ತೋರಿಸಿದರು. ಹಳೆಯ ರೇಡಿಯೋಗಳಲ್ಲಿರುತ್ತಿದ್ದಂಥ ವಾಲ್ವುಗಳು ಅದರಲ್ಲಿ ಸುಮಾರು 18,000. ತೂಕ ಸುಮಾರು 27,000 ಕೆ.ಜಿ. ಹಿಡಿದ ಜಾಗ 1,800 ಚದರ ಅಡಿ, ಅಂದರೆ ನಮ್ಮ ಊರುಗಳ ಮೂವತ್ತು-ನಲವತ್ತರ ಸೈಟು ಒಂದೂವರೆ!

ಇಷ್ಟು ಭಾರವನ್ನು ನೆಲ ತಡೆಯಬೇಕಲ್ಲ. ಲೆಕ್ಕ ಹಾಕಿದರೆ ಚದರ ಅಡಿಗೆ ಸರಾಸರಿ 15 ಕೆ.ಜಿ. ಮಾತ್ರ. ಆದರೆ ಭಾರ ಸರಾಸರಿಯ ಮೇಲೆ ಕೂರುವುದಿಲ್ಲ, ಕಾಲೂರಿದ ಕಡೆ ಕೂರುತ್ತದೆ. ನೆಲಕ್ಕೆ ಒರಗಿದ ಅಕ್ಕಿಮೂಟೆ ಬೇರೆ, ನಾಲ್ಕೇ ಕಾಲಿನ ಮೇಲೆ ನಿಂತ ಕಬ್ಬಿಣದ ಬೀರು ಬೇರೆ. ಎನಿಯಾಕಿನ 40 ಫಲಕಗಳು ತಲಾ ಎರಡಡಿ ಅಗಲ, ಎಂಟಡಿ ಎತ್ತರ. ಮದುವೆಮನೆಯಲ್ಲಿ ಮೂರು ಗೋಡೆಗೂ ಎಲೆ ಹಾಕಿದ ಪಂಕ್ತಿಯ ಹಾಗೆ ಅವು ಕೋಣೆಯ ಸುತ್ತ ನಿಂತಿದ್ದವು. ಸುಮಾರು 150 ಕಿಲೋವಾಟ್ ವಿದ್ಯುತ್ತು ನುಂಗಿ ಕಾಯುವ ಯಂತ್ರಕ್ಕೆ ಗಾಳಿ ಊದಲು ಫ್ಯಾನುಗಳೂ ಬೇಕಾಗಿದ್ದವು.

ಪಂಕ್ತಿಯಲ್ಲಿ ನಡುವಿನ ಜಾಗ ಬಡಿಸುವವರದ್ದು. ಆ ಕೋಣೆಯ ನಡುವೆ ಓಡಾಡಿದವರು ಆರು ಹೆಣ್ಣುಮಕ್ಕಳು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಫಿರಂಗಿ ಗುಂಡು ಹಾರುವ ದಾರಿಯ ಲೆಕ್ಕವನ್ನು ಸೈನ್ಯಕ್ಕಾಗಿ ಕೈಯಲ್ಲೇ ಮಾಡುತ್ತಿದ್ದವರು ಇವರು. ಯಂತ್ರ ಗುಟ್ಟಿನದಾದ್ದರಿಂದ ಮೊದಮೊದಲು ಇವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಬರೀ ನಕ್ಷೆಗಳನ್ನು ನೋಡಿ ಕಲಿತರು. ಆಮೇಲೆ ಒಂದೊಂದು ಲೆಕ್ಕಕ್ಕೂ ತಂತಿಗಳನ್ನು ಕಿತ್ತು ಚುಚ್ಚಿ, ಸ್ವಿಚ್ಚು ತಿರುಗಿಸಿ, ಕೆಟ್ಟ ವಾಲ್ವು ಹುಡುಕಲು ಯಂತ್ರದೊಳಕ್ಕೂ ತೂರಿದರು.

ಪ್ರದರ್ಶನದ ದಿನ ಎನಿಯಾಕ್ ಮಾಡಿ ತೋರಿಸಿದ ಲೆಕ್ಕವನ್ನು ಸಿದ್ಧಪಡಿಸಿದ್ದವರು ಬೆಟ್ಟಿಯರಿಬ್ಬರು. ಆ ರಾತ್ರಿಯ ಔತಣಕ್ಕೆ ಆರರಲ್ಲಿ ಒಬ್ಬರಿಗೂ ಕರೆಯಿರಲಿಲ್ಲ. 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋಗಳನ್ನು ಹಿಡಿದು "ಈ ಹೆಂಗಸರು ಯಾರು?" ಎಂದು ವಿಚಾರಿಸಿದಾಗ ಸಿಕ್ಕ ಉತ್ತರವೇನು ಗೊತ್ತೇ? ಫ್ರಿಜ್ ಜಾಹೀರಾತಿನಲ್ಲಿ ನಿಲ್ಲುವ ಹುಡುಗಿಯರ ಹಾಗೆ, ಯಂತ್ರ ಚಂದ ಕಾಣಲೆಂದು ನಿಲ್ಲಿಸಿದವರಂತೆ! ಆಕೆ ಪಟ್ಟು ಬಿಡದೆ ಹುಡುಕಿದ್ದರಿಂದ ಅವರ ಹೆಸರುಗಳು ನಮಗೆ ದಕ್ಕಿವೆ. 1997ರಲ್ಲಿ ಆರೂ ಜನಕ್ಕೆ ತಂತ್ರಜ್ಞಾನದ ಮಹಿಳೆಯರ ಗೌರವಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಐವತ್ತೊಂದು ವರ್ಷ ತಡವಾಗಿ.

ಮುಂದೆ ಬಂದ ದೊಡ್ಡ ಕಂಪ್ಯೂಟರುಗಳಿಗೆ ಕೋಣೆಯ ನಕ್ಷೆ ಬರೆಯುವಾಗ ಯಂತ್ರವನ್ನು ಗಟ್ಟಿ ಗೆರೆಯಲ್ಲಿ ಬರೆದು, ಅದರ ಸುತ್ತ ಬಾಗಿಲು ತೆಗೆಯಲು, ರಿಪೇರಿಗೆ ಬಗ್ಗಲು ಬೇಕಾದ ಜಾಗವನ್ನು ತುಂಡು ಗೆರೆಯಲ್ಲಿ ಗುರುತು ಹಾಕುವುದು ರೂಢಿಯಾಯಿತು. ಆ ತುಂಡು ಗೆರೆಯೊಳಗೆ ಯಾವ ಸಾಮಾನನ್ನೂ ಇಡುವಂತಿಲ್ಲ. ಅದು ಕೆಲಸ ಮಾಡುವವರ ಪಾಲು. ನನಗೆ ಆ ಗೆರೆಯ ಮೇಲೆ ಬಹಳ ಪ್ರೀತಿ.

ಅಂದಹಾಗೆ, ನಮ್ಮ ಫ್ರಿಜ್ ಆ ಭಾನುವಾರವೇ ನಡುಮನೆಗೆ ಹೋಯಿತು. ಅಂದಿನಿಂದ ಮನೆಗೆ ಏನೇ ತರುವುದಿದ್ದರೂ ನಮ್ಮವರು ಮೊದಲು ನನ್ನನ್ನು ಅಲ್ಲಿ ನಿಲ್ಲಿಸಿ, ಆಮೇಲೆ ಟೇಪು ಹಿಡಿಯುತ್ತಾರೆ.