ಮಿಟಿಲೀನಿಯ ಚರ್ಚೆ: ಡಯೊಡೋಟಸನ ಧರ್ಮಸಂಕಟ

ಧರ್ಮಸಂಕಟದ ಸ್ವರೂಪವನ್ನು ಕಲ್ಪಿತ ದೃಷ್ಟಾಂತಗಳಿಂದ ವಿವರಿಸುವುದು ನೀತಿಶಾಸ್ತ್ರಜ್ಞರ ವಾಡಿಕೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಅದರ ಅಗತ್ಯವಿಲ್ಲ. ಥ್ಯೂಸಿಡಿಡೀಸನು ಪೆಲೊಪೊನೀಸಿಯನ್ ಯುದ್ಧಚರಿತ್ರೆಯ ಮೂರನೆಯ ಭಾಗದಲ್ಲಿ ನಿರೂಪಿಸಿರುವ ಮಿಟಿಲೀನಿಯ ಚರ್ಚೆಯೊಂದೇ ಸಾಕು.

ಲೆಸ್ಬಾಸ್ ದ್ವೀಪದ ಮಿಟಿಲೀನಿಯು ಅಥೆನ್ಸಿಗೆ ಕಪ್ಪ ತೆರುವ ನಗರವಾಗಿರಲಿಲ್ಲ. ಸ್ವಂತ ನೌಕಾಬಲವುಳ್ಳ ಮಿತ್ರರಾಜ್ಯವಾಗಿದ್ದಿತು. ಕ್ರಿ. ಪೂ. ೪೨೮ರಲ್ಲಿ ಅಲ್ಲಿನ ಆಳುವ ಶ್ರೀಮಂತರು ದಂಗೆಯೆದ್ದರು. ಮರುವರ್ಷ ಮುತ್ತಿಗೆಯಿಂದ ಆಹಾರ ಮುಗಿಯಿತು. ಕೈಗೆ ಆಯುಧ ಬಂದೊಡನೆ ಜನಸಾಮಾನ್ಯರು, ಧಾನ್ಯವನ್ನು ಹಂಚದಿದ್ದಲ್ಲಿ ನಗರವನ್ನು ತಾವೇ ಅಥೆನ್ಸಿಗೆ ಒಪ್ಪಿಸುವುದಾಗಿ ಸಾರಿದರು. ನಗರವು ಶರಣಾಯಿತು. ಅಥೆನ್ಸಿನ ಸಭೆಯು ಕೋಪಾವೇಶದಿಂದ, ಪ್ರಾಯದ ಗಂಡಸರೆಲ್ಲರನ್ನೂ ಕೊಲ್ಲಬೇಕೆಂದೂ ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿಸಬೇಕೆಂದೂ ನಿರ್ಣಯಿಸಿ ಹಡಗೊಂದನ್ನು ಕಳುಹಿಸಿತು. ಮಾರನೆಯ ದಿನವೇ ಪಶ್ಚಾತ್ತಾಪ ಮೂಡಿ ಸಭೆ ಮತ್ತೆ ಸೇರಿತು.

ಕ್ಲಿಯಾನನು ಮೊದಲಿನ ನಿರ್ಣಯವನ್ನೇ ಎತ್ತಿಹಿಡಿದನು. ದ್ರೋಹಕ್ಕೆ ತಕ್ಕ ದಂಡನೆಯೇ ನ್ಯಾಯ, ಅದೇ ಹಿತವೂ ಹೌದು ಎಂಬುದು ಅವನ ವಾದ. ಅಥೆನ್ಸಿಗರು ಮಾತಿನ ಚಮತ್ಕಾರಕ್ಕೆ ಮರುಳಾಗುವರೆಂದೂ ಅವನು ಹಳಿದನು; ಹಳಿದವನು ಸ್ವತಃ ಮಹಾ ವಾಗ್ಮಿ ಎಂಬುದನ್ನು ಮರೆಯುವಂತಿಲ್ಲ. ಅವನನ್ನು ಎದುರಿಸಿದ ಡಯೊಡೋಟಸನ ವಿಷಯದಲ್ಲಿ ಈ ಪ್ರಸಂಗದ ಹೊರತು ಬೇರೇನೂ ತಿಳಿದಿಲ್ಲ. ಅವನು ದಯೆಯನ್ನು ಬೇಡಲಿಲ್ಲ. ನಾವು ಕುಳಿತಿರುವುದು ನ್ಯಾಯಸ್ಥಾನದಲ್ಲಲ್ಲ, ನಮ್ಮ ಹಿತವನ್ನು ಮಾತ್ರ ಯೋಚಿಸೋಣ ಎಂದನು. ಮರಣದಂಡನೆಯ ಭಯ ದಂಗೆಗಳನ್ನು ತಡೆಯದು. ನಗರ ಒಪ್ಪಿಸಿದ ಜನಸಾಮಾನ್ಯರನ್ನು ಕೊಂದರೆ ಮುಂದೆ ಯಾವ ನಗರದ ಜನವೂ ನಮ್ಮ ಪಕ್ಷ ವಹಿಸದು. ಅವರು ತಪ್ಪಿತಸ್ಥರೇ ಆಗಿದ್ದರೂ ಅದನ್ನು ಕಾಣದವರಂತಿರುವುದೇ ಲೇಸು.

ಫಲವನ್ನು ನೋಡಿ ಕರ್ಮದ ಯೋಗ್ಯತೆಯನ್ನು ಅಳೆಯುವ ಪ್ರಯೋಜನವಾದಕ್ಕೆ ಬೆಂಥಮನು ೧೭೮೯ರಲ್ಲಿ ಶಾಸ್ತ್ರರೂಪ ಕೊಟ್ಟನು. ಡಯೊಡೋಟಸನ ಮಾತು ಮೇಲುನೋಟಕ್ಕೆ ಅದೇ ಜಾತಿಯದು, ಆದರೆ ಅವನು ಎಣಿಸಿದ್ದು ಸರ್ವರ ಹಿತವನ್ನಲ್ಲ, ಅಥೆನ್ಸಿನ ಹಿತವನ್ನು. ಈ ಬಗೆಯ ರಕ್ಷಣೆ ಲೆಕ್ಕ ಬದಲಾಗುವವರೆಗೆ ಮಾತ್ರ. ಕ್ರಿ. ಪೂ. ೪೧೬-೧೫ರ ಚಳಿಗಾಲದಲ್ಲಿ ಮೆಲಾಸ್ ದ್ವೀಪದವರು ಶರಣಾದಾಗ ಅಥೆನ್ಸಿಗರು ಅಲ್ಲಿನ ಗಂಡಸರನ್ನು ಕೊಂದೇ ಬಿಟ್ಟರು. ನಿರಪರಾಧಿಯನ್ನು ಕೊಲ್ಲಲಾಗದೆಂಬ ನಿಯಮಕ್ಕೆ ಕಾಲದೇಶಗಳ ಹಂಗಿಲ್ಲ. ೧೭೮೫ರಲ್ಲಿ ಕ್ಯಾಂಟನು ಪ್ರತಿಪಾದಿಸಿದ ಕರ್ತವ್ಯಪಕ್ಷದ ಬಲವಿರುವುದು ಇಲ್ಲಿಯೇ.

ಆದರೆ ಡಯೊಡೋಟಸನು ಅಂತರಂಗದಲ್ಲಿಯೂ ಲೆಕ್ಕಿಗನೇ ಆಗಿದ್ದನೆಂದು ನಾವು ಸುಲಭವಾಗಿ ಒಪ್ಪಲಾರೆವು. ಈ ಸಭೆಯಲ್ಲಿ ಒಳ್ಳೆಯ ಸಲಹೆ ಕೊಡುವವನೂ ಸುಳ್ಳಾಡದೆ ನಂಬಿಕೆ ಗಳಿಸಲಾರನೆಂದು ಅವನೇ ಮೊದಲು ಹೇಳಿರುತ್ತಾನೆ. ದಯೆಯ ಹೆಸರೆತ್ತಿದರೆ ಸಹಸ್ರಾರು ಜನ ಸಾಯುವರು. ಹಿತದ ವೇಷ ತೊಡಿಸಿದರೆ ಬದುಕುವರು. ಕ್ಯಾಂಟನು ಈ ವೇಷವನ್ನು ಮನ್ನಿಸುತ್ತಿರಲಿಲ್ಲ. ನಾವು ಮನ್ನಿಸುತ್ತೇವೆ, ಆದರೂ ನ್ಯಾಯದ ಮಾತನ್ನು ಕ್ಲಿಯಾನನೊಬ್ಬನಿಗೇ ಬಿಟ್ಟುಕೊಟ್ಟುದರ ಬೆಲೆ ಅಲ್ಪವೆನ್ನಲಾರೆವು.

ಕೈಯೆತ್ತಿ ಮತ ಎಣಿಸಿದಾಗ ಎರಡು ಪಕ್ಷಗಳೂ ಹೆಚ್ಚುಕಡಿಮೆ ಸಮವಾಗಿದ್ದು, ಡಯೊಡೋಟಸನು ಗೆದ್ದನು. ಎರಡನೆಯ ಹಡಗಿನ ಅಂಬಿಗರು ಎಣ್ಣೆ ಮದ್ಯಗಳಲ್ಲಿ ಕಲಸಿದ ಜವೆಯ ಹಿಟ್ಟನ್ನು ತಿನ್ನುತ್ತಲೇ ಹುಟ್ಟುಹಾಕಿದರು, ಸರದಿಯಂತೆ ಮಲಗಿದರು. ಮೊದಲ ಹಡಗಿನವರು ತಮ್ಮ ಘೋರ ಕಾರ್ಯಕ್ಕೆ ಅವಸರಪಡಲಿಲ್ಲವೆಂದು ಥ್ಯೂಸಿಡಿಡೀಸನು ಬರೆದಿದ್ದಾನೆ. ಅರಿಸ್ಟಾಟಲನಂತೆ ಶೀಲವನ್ನೇ ನೀತಿಯ ಮೂಲವೆನ್ನುವವರು ಈ ವಾಕ್ಯವನ್ನು ಗಮನಿಸಬೇಕು. ದಂಡನಾಯಕ ಪಾಕೀಸನು ಮೊದಲ ಆಜ್ಞೆಯನ್ನು ಓದಿ ಮುಗಿಸಿದ್ದನಷ್ಟೆ; ಎರಡನೆಯ ಹಡಗು ದಡ ಮುಟ್ಟಿತು.

ದಂಗೆಯ ಮುಖಂಡರೆಂದು ಅಥೆನ್ಸಿಗೆ ಕಳುಹಿಸಲ್ಪಟ್ಟಿದ್ದವರನ್ನು ಸಮಾಧಾನದಿಂದ ವಿಚಾರಿಸಬೇಕೆಂದು ಡಯೊಡೋಟಸನು ಕೇಳಿದ್ದನು. ಕ್ಲಿಯಾನನ ಸೂಚನೆಯ ಮೇಲೆ ಅವರೆಲ್ಲರನ್ನೂ ಕೊಲ್ಲಲಾಯಿತು. ಥ್ಯೂಸಿಡಿಡೀಸನ ಗ್ರಂಥದ ಪ್ರತಿಗಳಲ್ಲಿರುವಂತೆ ಅವರ ಸಂಖ್ಯೆ ೧೦೦೦ಕ್ಕೆ ಸ್ವಲ್ಪ ಮೇಲು.